ಗೇರು, ಹಲಸು, ತೇಗದ ತರಗೆಲೆ: ಹೊಂಡಕ್ಕೆ ಹಾಕಿದರೂ ಕೊಳೆಯುವುದಿಲ್ಲ, ಏನು ಮಾಡಬಹುದು?

ನೀರ್ಚಾಲು ಹಿತ್ತಿಲು:
ಮನೆ ಸುತ್ತ 15 ಸೆಂಟ್ಸ್ ಜಾಗ. ಎರಡು ಹಲಸು, ಮೂರು ಮಾವು, ಬೇಲಿಯುದ್ದಕ್ಕೂ ತೇಗ, ಹಿಂದಿನ ಗುಡ್ಡೆಯಲ್ಲಿ ಗೇರು. ಮಕರ ತಿಂಗಳಿನಿಂದ ಮೀನದವರೆಗೆ (ಜನವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ) ಗುಡಿಸಿದ ತರಗೆಲೆ ಯೂರಿಯಾ ಗೋಣಿಯಲ್ಲಿ ಒತ್ತಿ ತುಂಬಿದರೆ 30 ಗೋಣಿ ಆಗುತ್ತದೆ. ಮೂರಡಿ ಆಳದ ಹೊಂಡಕ್ಕೆ ಹಾಕಿ ಒಂದು ವರ್ಷ ಬಿಟ್ಟದ್ದಾಯಿತು. ಮೇಲಿನ ಎಲೆ ಒಣಗಿಯೇ ಇದೆ, ನಡುವಿನದು ಹಪ್ಪಳದ ಕಟ್ಟಿನ ಹಾಗೆ ಅಂಟಿಕೊಂಡಿದೆ, ಅಡಿಯಲ್ಲಿ ಮಳೆನೀರು ನಿಂತು ನಾತ. ಹಟ್ಟಿಯಲ್ಲಿ ಒಂದು ದನ ಇದೆ. ನೀರು ಗುಡ್ಡೆಗೆ ಅಡ್ಡ ಕೊರೆದ ಸುರಂಗದ್ದು, ಮೇಷ ತಿಂಗಳಿಗೆ (ಏಪ್ರಿಲ್-ಮೇ) ತೀರಾ ಸಣ್ಣದಾಗುತ್ತದೆ. ಸುಡದೆ ಉಪಯೋಗಿಸುವ ಸರಿಯಾದ ಕ್ರಮ ತಿಳಿದವರು ಹೇಳಿ.

ಮುಳ್ಳೇರಿಯ ಗುಡ್ಡೆ:
ತಪ್ಪಿದ್ದು ಹೊಂಡದಲ್ಲಿ. ನಮ್ಮ ಕಾಸರಗೋಡಿನ ಕಡೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲಿನ ಹೊಂಡ ಆಗ ತೊಟ್ಟಿಯಾಗುತ್ತದೆ. ಗಾಳಿಯಾಡದೆ ಕೊಳೆತದ್ದಕ್ಕೇ ಆ ನಾತ. ನೆಲದ ಮೇಲೆಯೇ ರಾಶಿ ಮಾಡಿ.

ಕಬ್ಬಿಣದ ಬಲೆ 1.2 ಮೀಟರ್ ಎತ್ತರದ್ದು, 3.3 ಮೀಟರ್ ಉದ್ದಕ್ಕೆ ಕತ್ತರಿಸಿ ಸುತ್ತಿ ತಂತಿಯಲ್ಲಿ ಕಟ್ಟಿದರೆ ಒಂದು ಮೀಟರ್ ಅಗಲದ ಗೂಡು ಆಗುತ್ತದೆ. ನಿಮಗೆ ಎರಡು ಬೇಕು. ಇದಕ್ಕಿಂತ ಸಣ್ಣ ರಾಶಿಯಲ್ಲಿ ಬಿಸಿ ನಿಲ್ಲುವುದಿಲ್ಲ. ಅಡಿಗೆ ಅಡಿಕೆ ಸಲಾಕೆಯೋ ತೆಂಗಿನ ಮಡಲಿನ ದಂಟೋ ಅಡ್ಡ ಹಾಸಿ, ಕೆಳಗಿನಿಂದ ಗಾಳಿ ಬರಲಿ.

ಗೋಣಿಗೆ 5 ಕಿಲೋ ಎಂದಿಟ್ಟುಕೊಂಡರೆ ನಿಮ್ಮದು 150 ಕಿಲೋ (ಒಂದು ಗೋಣಿ ತೂಗಿ ನೋಡಿ, ಗೇರು ಮತ್ತು ತೇಗದ ಭಾರ ಒಂದೇ ಅಲ್ಲ). ಅದಕ್ಕೆ ಹಸಿ ಸೆಗಣಿ ಹತ್ತನೇ ಒಂದು ಪಾಲು, ಅಂದರೆ 15 ಕಿಲೋ. ನೀರು ಎಲೆಯ ಕಿಲೋಗೆ 1.2 ಲೀಟರ್, ಒಟ್ಟು 180 ಲೀಟರ್. ತರಗೆಲೆಯಲ್ಲಿ ಇಂಗಾಲ ತುಂಬಾ, ಸಾರಜನಕ ಕಡಿಮೆ. ಕೊಳೆಸುವ ಜೀವಾಣುಗಳಿಗೆ ಆ ಕೊರತೆ ತುಂಬಿಸುವುದು ಸೆಗಣಿ. ಗೋಮೂತ್ರ ಸಿಕ್ಕಿದರೆ ಅದನ್ನೂ ನೀರಿಗೆ ಸೇರಿಸಿ.

ಎಲೆ ನೆನೆಸುವುದರಲ್ಲಿ ಹೆಚ್ಚಿನವರು ಸೋಲುತ್ತಾರೆ. ಗೇರು, ಹಲಸು, ಮಾವಿನ ಎಲೆಯ ಮೇಲೆ ಮೇಣದ ಪದರ ಇದೆ. ರಾಶಿ ಹಾಕಿದ ಮೇಲೆ ಪೈಪು ಹಿಡಿದರೆ ನೀರು ಜಾರಿ ಬದಿಯಲ್ಲಿ ಇಳಿದು ಹೋಗುತ್ತದೆ, ಒಳಗೆ ಒಂದು ಹನಿ ಮುಟ್ಟುವುದಿಲ್ಲ. ಮೊದಲು ಚೂರು ಮಾಡಿ: ಸಿಮೆಂಟಿನ ಅಂಗಳದಲ್ಲಿ ಬಿಸಿಲಿಗೆ ಗರಿಗರಿಯಾದಾಗ ಮೆಟ್ಟಿದರೂ ಸಾಕು, ಹುಲ್ಲು ಕತ್ತರಿಸುವ ಯಂತ್ರಕ್ಕೆ ಬ್ಲೇಡ್ ಹಾಕಿ ಹೊಡೆದರೆ ಇನ್ನೂ ಒಳ್ಳೆಯದು. ಆಮೇಲೆ ಅರ್ಧ ಅಡಿ ಎಲೆ, ಅದರ ಮೇಲೆ ಸೆಗಣಿ ನೀರು, ಮೆಟ್ಟುವುದು, ಪುನಃ ಎಲೆ. ಒಂದು ಮುಷ್ಟಿ ಹಿಂಡಿದರೆ ಬೆರಳ ಸಂದಿಯಲ್ಲಿ ತೇವ ಕಾಣಬೇಕು, ಧಾರೆ ಇಳಿಯಬಾರದು. ನಾಲ್ಕು ವಾರಕ್ಕೊಮ್ಮೆ ಮಗುಚಿ ಹೊರಗಿನದನ್ನು ಒಳಕ್ಕೆ ಹಾಕಿ.

ಈ ಕೆಲಸ ಮಕರ, ಕುಂಭದಲ್ಲೇ ಮುಗಿಸಿ, ಸುರಂಗದಲ್ಲಿ ನೀರಿರುವಾಗ. ಮೇಲೆ ತೆಂಗಿನ ಮಡಲು ಮುಚ್ಚಿದರೆ ತೇವ ಉಳಿಯುತ್ತದೆ. ಮಳೆ ಹಿಡಿಯುವ ಮೊದಲು ಟಾರ್ಪಾಲು ಕಟ್ಟಿ, ಬದಿ ತೆರೆದಿರಲಿ. ಇಲ್ಲವಾದರೆ ಸಾರವೆಲ್ಲ ತೋಡಿನ ಪಾಲು. ಚೂರು ಮಾಡಿದ ಎಲೆ ನಾಲ್ಕೈದು ತಿಂಗಳಲ್ಲಿ ಕಪ್ಪಾಗುತ್ತದೆ. ಇಡೀ ಗೇರೆಲೆ ಆದರೆ ವರ್ಷವೂ ಬೇಕಾಗಬಹುದು.

ಕುಂಬಳೆ ತೆಂಗು:
ಮೇಲಿನವರು ಹೇಳಿದ್ದು ಸರಿ. ಬಿದ್ದ ತೆಂಗಿನ ಮಡಲು ಇದ್ದರೆ ಎರೆಗೊಬ್ಬರ ಮಾಡಿ. ಕಾಸರಗೋಡಿನ ಸಿಪಿಸಿಆರ್‌ಐಯವರೇ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇದಕ್ಕೆ ಕ್ರಮ ರೂಪಿಸಿದ್ದಾರೆ, ಎರೆಹುಳ ಯೂಡ್ರಿಲಸ್ ಜಾತಿಯದು. ದಂಟು ತೆಗೆದು, ಕೆಲವು ತಿಂಗಳು ಬಿಸಿಲು ಮಳೆಗೆ ಬಿದ್ದು ಹಳತಾದ ಗರಿಗೆ ತೂಕದ ಹತ್ತನೇ ಒಂದು ಪಾಲು ಸೆಗಣಿಯ ಬಗ್ಗಡ ಹಾಕಿ ಎರಡು ವಾರ ಬಿಡಬೇಕು. ಬಿಸಿ ಇಳಿದ ಮೇಲೆ ಟನ್ನಿಗೆ ಒಂದು ಕಿಲೋ ಲೆಕ್ಕದಲ್ಲಿ ಹುಳ ಬಿಡುವುದು. ರಾಶಿಗೆ ಕೈ ಹಾಕಿದಾಗ ಬೆಚ್ಚಗಿದ್ದರೆ ಬಿಡಬೇಡಿ, ಹುಳ ಸಾಯುತ್ತದೆ. ನೆರಳು ಬೇಕು, ಸುತ್ತ ಇರುವೆಗೆ ನೀರಿನ ಕಾಲುವೆ ಬೇಕು. ಎರಡು, ಎರಡೂವರೆ ತಿಂಗಳಲ್ಲಿ ಗೊಬ್ಬರ ತೆಗೆಯಬಹುದು.

ಒಂದು ಎಚ್ಚರಿಕೆ ತಪ್ಪದೆ ಓದಿ. ಸೆಗಣಿ ಸೇರಿದ ರಾಶಿಯಲ್ಲಿ ಕುರುವಾಯಿ ದುಂಬಿ ಮೊಟ್ಟೆ ಇಡುತ್ತದೆ, ದುಂಬಿಯಾದ ಮೇಲೆ ಹಾರಿ ತೆಂಗಿನ ಸುಳಿ ಕೊರೆಯುತ್ತದೆ. ಮಗುಚುವಾಗ ಬಾಗಿ ಮುದುಡಿದ ದಪ್ಪ ಬಿಳಿ ಹುಳ ಕಂಡರೆ ಹೆಕ್ಕಿ ಕೋಳಿಗೆ ಹಾಕಿ. ಹೆಚ್ಚಿದ್ದರೆ ಮೆಟಾರೈಜಿಯಂ ಶಿಲೀಂಧ್ರ ತಂದು ರಾಶಿಗೆ ಬೆರೆಸಬೇಕು. ಕೊಳೆರೋಗಕ್ಕೆ ಉದುರಿದ ಅಡಿಕೆಯನ್ನು ಈ ರಾಶಿಗೆ ಹಾಕಲೇಬೇಡಿ.

ನೀರ್ಚಾಲು ಹಿತ್ತಿಲು:
ತುಂಬಾ ಉಪಕಾರ. ಚೂರು ಮಾಡಲು ಆಗದೆ ಉಳಿದ ಎಲೆಯನ್ನು ಶುಂಠಿ ಸಾಲಿಗೆ, ಒಳ್ಳೆಮೆಣಸಿನ (ಕರಿಮೆಣಸಿನ) ಬುಡಕ್ಕೆ ಹಾಗೇ ಹಾಕಬಹುದೇ? ಮಣ್ಣಿನೊಂದಿಗೆ ಎಲೆ ಸುಟ್ಟು ಸುಡುಮಣ್ಣು ಮಾಡಿ ಎಂದೂ ಕೆಲವರು ಹೇಳುತ್ತಾರೆ.

ಪೆರ್ಲ ಬಳ್ಳಿ:
ಶುಂಠಿಗೆ ಧಾರಾಳ ಹಾಕಿ. ನೆಟ್ಟ ಕೂಡಲೇ ಚದರ ಮೀಟರಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು, ಮತ್ತೆ 45ನೇ ಮತ್ತು 90ನೇ ದಿನ ಮುಕ್ಕಾಲು ಕಿಲೋದಂತೆ. ಈ ಲೆಕ್ಕ ಹಸಿ ಸೊಪ್ಪಿನದು, ಒಣ ಎಲೆ ಹಗುರ, ಆದ್ದರಿಂದ ಮಣ್ಣು ಕಾಣದಷ್ಟಾದರೆ ಸಾಕು. ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿ ಹೋಗದಿರುವುದೇ ಮುಖ್ಯ ಲಾಭ. ತೇಗದ ಎಲೆ ಇಡಿಯಾಗಿ ಹಾಸಬೇಡಿ. ಅದು ಮುಚ್ಚಳದಂತೆ ಕೂತು ಮೊಳಕೆಯನ್ನು ಅಡ್ಡಕ್ಕೆ ತಿರುಗಿಸುತ್ತದೆ, ಹರಿದು ಹಾಕಿ.

ಒಳ್ಳೆಮೆಣಸಿನ ಬುಡಕ್ಕೆ ಕುಂಭದಿಂದ ಮೇಷದವರೆಗೆ ನಾಲ್ಕು ಇಂಚು ದಪ್ಪ ಹೊದಿಸಿದರೆ ಬೇರಿಗೆ ತಂಪು. ಬಳ್ಳಿಗೆ ತಾಗದಂತೆ ಒಂದು ಗೇಣು ಬಿಡಿ. ಮಳೆ ಶುರುವಾಗುವಾಗ ಬುಡದಿಂದ ಇನ್ನೂ ಹಿಂದಕ್ಕೆ ಎಳೆಯಿರಿ. ಬುಡ ಸದಾ ಒದ್ದೆಯಾಗಿದ್ದರೆ ಸೊರಗು ರೋಗಕ್ಕೆ ದಾರಿ. ಗೆದ್ದಲು ಬಂದರೆ ಹೊದಿಕೆ ಪೂರ್ತಿ ಒಣಗಿದೆ ಎಂದು ತಿಳಿಯಿರಿ.

ಸುಡುಮಣ್ಣು ತರಕಾರಿ ಪಾತಿಗೆ ಒಂದೆರಡು ಬುಟ್ಟಿ ಮಾಡಿದರೆ ತಪ್ಪಿಲ್ಲ. ಬೂದಿಯಲ್ಲಿ ಪೊಟ್ಯಾಷ್ ಸಿಗುತ್ತದೆ, ಕಳೆಬೀಜ ಸಾಯುತ್ತದೆ. ಆದರೆ ಸಾರಜನಕ ಹೊಗೆಯಲ್ಲಿ ಹೋಗುತ್ತದೆ. 30 ಗೋಣಿಯನ್ನೂ ಹಾಗೆ ಮಾಡುವುದು ನಷ್ಟವೇ. ಆ ಬೂದಿಯನ್ನು ಸೆಗಣಿ ರಾಶಿಗೆ ಬೆರೆಸಬೇಡಿ, ಅಮೋನಿಯಾ ಹಾರಿ ಹೋಗುತ್ತದೆ.

ಬರಿಗೈ ಹಾಕಿ ಎಲೆ ಬಾಚಬೇಡಿ ಮಾತ್ರ. ತರಗೆಲೆಯ ನಡುವೆ ಮಲಗಿದ ಕನ್ನಡಿ ಹಾವು (ವಿಷದ ಕೊಳಕುಮಂಡಲ) ಎಲೆಯ ಬಣ್ಣಕ್ಕೇ ಹೊಂದಿಕೊಂಡಿರುತ್ತದೆ. ಉದ್ದ ಕೋಲಿನಿಂದ ಮೊದಲು ಕೆದಕಿ, ಬೂಟು ಹಾಕಿಕೊಂಡು, ಹಗಲಲ್ಲೇ ಗುಡಿಸಿ.