ಲೆಪ್ಟಿನ್ ಇಲ್ಲದ ಇಲಿಗೆ ಸಕ್ಕರೆ ಏಕೆ ಏರುತ್ತದೆ?

ಪ್ರಶ್ನೆ: ನಮಸ್ಕಾರ ಮೇಡಂ. ಬಿ.ಎಸ್ಸಿ. ತರಗತಿಗೆ ಪಾಠ ಮಾಡುತ್ತೇನೆ. ‘ಒಬಿ’ ಜೀನ್ (ಲೆಪ್ಟಿನ್ ಹಾರ್ಮೋನಿನ ಜೀನ್) ಕೆಟ್ಟ ಇಲಿ ಹಸಿವು ತಾಳದೆ ತಿನ್ನುತ್ತದೆ, ದಪ್ಪಗಾಗುತ್ತದೆ, ದಪ್ಪಗಾದುದರಿಂದ ಮಧುಮೇಹ ಬರುತ್ತದೆ ಎಂದು ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, ‘ಅಳೆದು ಆಹಾರ ಕೊಟ್ಟರೆ ಸರಿಹೋಗುವುದಿಲ್ಲವೇ?’ ಎಂದಳು. ಏನು ಉತ್ತರ ಕೊಡಲಿ?

ಉತ್ತರ: ಸರ್, ಆ ಹುಡುಗಿಗೆ ನನ್ನ ಶಹಬ್ಬಾಸ್ ಹೇಳಿ. ಅವಳು ಕೇಳಿದ್ದನ್ನೇ ಪ್ರಯೋಗ ಮಾಡಿ ನೋಡಿದ್ದಾರೆ. ಸಾಮಾನ್ಯ ಇಲಿ ತಿಂದಷ್ಟೇ ಆಹಾರವನ್ನು ತೂಗಿ ಕೊಟ್ಟರೂ ಒಬಿ ಇಲಿಯ ಮೈಯಲ್ಲಿ ಕೊಬ್ಬು ಹೆಚ್ಚಾಗಿಯೇ ಶೇಖರವಾಗುತ್ತದೆ.

ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ ತಾನಾಗಿಯೇ ಕಾಣಿಸಿಕೊಂಡ ಉತ್ಪರಿವರ್ತನೆ, ಅಂದರೆ ಜೀನಿನಲ್ಲಾದ ಬದಲಾವಣೆ, ಇದು. ಕೆಟ್ಟಿರುವ ಜೀನ್ ಯಾವುದೆಂದು 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಗುರುತಿಸಿತು. ಆ ಜೀನಿನಿಂದ ತಯಾರಾಗಬೇಕಾದ ಲೆಪ್ಟಿನ್ ಎಂಬ ಹಾರ್ಮೋನು ಕೊಬ್ಬಿನ ಕೋಶಗಳಿಂದ ಹೊರಟು, ದಾಸ್ತಾನು ಎಷ್ಟಿದೆ ಎಂದು ಮಿದುಳಿಗೆ ತಿಳಿಸುತ್ತದೆ. ಈ ಇಲಿಯಲ್ಲಿ ಆ ಸುದ್ದಿಯೇ ಹೋಗುವುದಿಲ್ಲ. ಮೈ ತುಂಬ ಕೊಬ್ಬಿದ್ದರೂ ಮಿದುಳಿನ ಲೆಕ್ಕದಲ್ಲಿ ಅದು ಉಪವಾಸ ಬಿದ್ದ ಪ್ರಾಣಿ. ಹಸಿವು ಹೆಚ್ಚುವುದು ಒಂದು ಕಡೆ, ಖರ್ಚು ಕಡಿಮೆಯಾಗುವುದು ಇನ್ನೊಂದು ಕಡೆ: ಓಡಾಟ ಕಡಿಮೆ, ಮೈಶಾಖ ಕಡಿಮೆ, ಸಂತಾನಶಕ್ತಿ ಇಲ್ಲ. 4 ಡಿಗ್ರಿ ಚಳಿಯಲ್ಲಿ ಇಟ್ಟರೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ.

ಇನ್ನು ಸಕ್ಕರೆಯ ವಿಷಯ. ಈ ಇಲಿಯ ರಕ್ತದಲ್ಲಿ ಇನ್ಸುಲಿನ್ ವಿಪರೀತ ಇರುತ್ತದೆ. ಯಕೃತ್ತಿಗೆ ಇನ್ಸುಲಿನ್ ಕೊಡುವ ಆಜ್ಞೆ ಎರಡು: ಸಕ್ಕರೆ ತಯಾರಿಸುವುದನ್ನು ನಿಲ್ಲಿಸು, ಕೊಬ್ಬು ತಯಾರಿಸು. ವಿಚಿತ್ರವೆಂದರೆ ಇಲ್ಲಿ ಯಕೃತ್ತು ಮೊದಲನೆಯದಕ್ಕೆ ಕಿವುಡಾಗಿದೆ, ಎರಡನೆಯದನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಹಾಗಾಗಿ ಒಂದೇ ಅಂಗ ರಕ್ತಕ್ಕೆ ಸಕ್ಕರೆ ಸುರಿಯುತ್ತ, ತನ್ನೊಳಗೆ ಕೊಬ್ಬನ್ನೂ ತುಂಬಿಕೊಳ್ಳುತ್ತದೆ. ಹೊಟ್ಟೆ ಬಿಡಿಸಿ ನೋಡಿದರೆ ಕಡುಗೆಂಪಾಗಿರಬೇಕಾದ ಯಕೃತ್ತು ಊದಿಕೊಂಡು ಮಾಸಲು ಹಳದಿಯಾಗಿರುತ್ತದೆ. ಕತ್ತರಿಸಿದ ಬ್ಲೇಡಿಗೆ ಜಿಡ್ಡು ಅಂಟುತ್ತದೆ.

‘ದಪ್ಪಗಾದುದರಿಂದ ಮಧುಮೇಹ’ ಎಂಬುದು ಅರ್ಧ ಸತ್ಯ. 1995ರಲ್ಲಿ ಈ ಇಲಿಗಳಿಗೆ ಲೆಪ್ಟಿನ್ ಚುಚ್ಚಿದಾಗ, ತೂಕ ಅಷ್ಟೇನೂ ಇಳಿಯದ ಸಣ್ಣ ಪ್ರಮಾಣದಲ್ಲೂ ಸಕ್ಕರೆ ಮತ್ತು ಇನ್ಸುಲಿನ್ ಇಳಿದವು.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು): ಒಂದು ಪ್ರಬಂಧದಲ್ಲಿ ಒಬಿ ಇಲಿಯ ಸಕ್ಕರೆ ತುಸುವೇ ಹೆಚ್ಚು ಎಂದಿದೆ, ಇನ್ನೊಂದರಲ್ಲಿ ತೀವ್ರ ಮಧುಮೇಹ ಎಂದಿದೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ. ಮೊದಲು ಇಲಿಯ ತಳಿ ಯಾವುದೆಂದು ನೋಡಿ. ಸಿ57ಬಿಎಲ್/6 ತಳಿಯಲ್ಲಿ ಎಳೆಯ ವಯಸ್ಸಿನಲ್ಲಿ ಸಕ್ಕರೆ ಏರುತ್ತದೆ. ಮೇದೋಜೀರಕದ ಬೀಟಾ ಕೋಶಗಳು ಹೆಚ್ಚಿ ಇನ್ಸುಲಿನ್ ಒದಗಿಸುವುದರಿಂದ ಕ್ರಮೇಣ ಹತೋಟಿಗೆ ಬರುತ್ತದೆ. ಅದೇ ಉತ್ಪರಿವರ್ತನೆ ಬಿಎಲ್‌ಕೆಎಸ್ ತಳಿಯಲ್ಲಿದ್ದರೆ ಆ ಕೋಶಗಳು ಸೋತು ಸಾಯುತ್ತವೆ, ಇಲಿಯೂ ಬಹುಕಾಲ ಬದುಕುವುದಿಲ್ಲ. ಜಾಕ್ಸನ್ ಪ್ರಯೋಗಾಲಯದ ವಿಜ್ಞಾನಿ ಡಗ್ಲಾಸ್ ಕೋಲ್ಮನ್ 1973ರಷ್ಟು ಹಿಂದೆಯೇ ಇದನ್ನು ತೋರಿಸಿದ್ದರು. ಕೆಟ್ಟ ಜೀನ್ ಒಂದೇ, ಉಳಿದ ಜೀನುಗಳು ಬೇರೆ. ತಳಿಯ ಹೆಸರು ಬರೆಯದ ಪ್ರಬಂಧವನ್ನು ನಾನಂತೂ ಓದುವ ಗೋಜಿಗೇ ಹೋಗುವುದಿಲ್ಲ.

ಮರುಪ್ರಶ್ನೆ: ಮೇಡಂ, ನಮ್ಮ ಅಕ್ಕನಿಗೆ ತೂಕವೂ ಹೆಚ್ಚು, ಸಕ್ಕರೆಯೂ ಇದೆ. ಆನ್‌ಲೈನಿನಲ್ಲಿ ‘ಲೆಪ್ಟಿನ್ ಮಾತ್ರೆ’ ಮಾರುತ್ತಾರೆ. ತರಿಸಲೇ?

ಉತ್ತರ: ಬೇಡಮ್ಮ. ಲೆಪ್ಟಿನ್ ಒಂದು ಪ್ರೋಟೀನು. ನುಂಗಿದರೆ ಬೇಳೆಯಂತೆ ಜೀರ್ಣವಾಗಿ ಹೋಗುತ್ತದೆ. ಚುಚ್ಚುಮದ್ದು ಇದೆ, ಆದರೆ ಅದು ಲೆಪ್ಟಿನ್ ಕೊರತೆ ಇದ್ದವರಿಗೆ. ಇಲಿಯಂತೆಯೇ ಲೆಪ್ಟಿನ್ ಜೀನ್ ಕೆಟ್ಟಿದ್ದ, ಪಾಕಿಸ್ತಾನ ಮೂಲದ ಇಬ್ಬರು ಮಕ್ಕಳನ್ನು 1997ರಲ್ಲಿ ಇಂಗ್ಲೆಂಡಿನ ವೈದ್ಯರು ಪತ್ತೆಮಾಡಿದರು. ಎಂಟು ವರ್ಷದ ಹುಡುಗಿ 86 ಕಿಲೋ ಇದ್ದಳು. ಆಮೇಲೆ ಲೆಪ್ಟಿನ್ ಚುಚ್ಚಿದಾಗ ಅವಳ ಹಸಿವೂ ತೂಕವೂ ಇಳಿದವು. ಇಂಥವರು ಬಹಳ ಅಪರೂಪ. ಸಾಮಾನ್ಯವಾಗಿ ದಪ್ಪಗಿರುವವರ ರಕ್ತದಲ್ಲಿ ಲೆಪ್ಟಿನ್ ಈಗಾಗಲೇ ಹೆಚ್ಚೇ ಇರುತ್ತದೆ, ಮಿದುಳು ಅದಕ್ಕೆ ಓಗೊಡುವುದಿಲ್ಲ ಅಷ್ಟೇ. ಇನ್ನಷ್ಟು ಸುರಿದು ಪ್ರಯೋಜನವಿಲ್ಲ. ಮಾತ್ರೆಯ ದುಡ್ಡಿನಲ್ಲಿ ಅಕ್ಕನಿಗೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ) ರಕ್ತಪರೀಕ್ಷೆ ಮಾಡಿಸಿ, ವರದಿ ಹಿಡಿದು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಯಕೃತ್ತಿನಲ್ಲಿ ಕೊಬ್ಬು ಸೇರಿದೆಯೇ ಎಂದೂ ಕೇಳಿ.