ಜರ್ಮನ್ ಭಾಷೆಯಲ್ಲಿ ಸೆಕೆಗೆ ಏನೆನ್ನಬೇಕು? ಬೇಸಿಗೆಯ ಹವೆಯ ಪದಗಳನ್ನು ಕಲಿತವರ ಅನುಭವಗಳು

ಕೋರಿಕೆ
ನಾನು ಜರ್ಮನ್ ಎ2 ಹಂತದ ಪಾಠಗಳನ್ನು ಮುಗಿಸುತ್ತಿದ್ದು, ಜುಲೈ ತಿಂಗಳಲ್ಲಿ ಜರ್ಮನಿಗೆ ಹೊರಡಲಿದ್ದೇನೆ. ಬೇಸಿಗೆಯ ಹವೆಗೆ ಸಂಬಂಧಿಸಿದ ಅರುವತ್ತು ಪದಗಳನ್ನು ಬಾಯಿಪಾಠ ಮಾಡಿದ್ದೇನೆ. ಆದರೂ ಯಾರಾದರೂ ಹವೆಯ ಮಾತು ತೆಗೆದರೆ ‘ಹೌದು, ಬಿಸಿಯಾಗಿದೆ’ ಎಂಬುದರಿಂದಾಚೆಗೆ ನಾಲಿಗೆ ಹೊರಳುವುದಿಲ್ಲ. ಈ ಹಂತವನ್ನು ದಾಟಿದವರು ತಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.

ಉತ್ತರ 1
ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ. ತರಗತಿಯಲ್ಲಿ ಬೆವರು ಒರೆಸಿಕೊಳ್ಳುತ್ತ ‘ಇಶ್ ಬಿನ್ ಹೈಸ್’ ಎಂದುಬಿಟ್ಟೆ. ಎಲ್ಲರೂ ನಕ್ಕ ಮೇಲೆ, ಆ ವಾಕ್ಯಕ್ಕೆ ಕಾಮೋದ್ರೇಕದ ಅರ್ಥ ಬರುತ್ತದೆಂದು ಶಿಕ್ಷಕಿ ಮೆಲ್ಲನೆ ತಿಳಿಸಿದರು. ಹೇಳಬೇಕಾಗಿದ್ದುದು ‘ಮೀರ್ ಇಸ್ಟ್ ಹೈಸ್’. ‘ಮೀರ್’ ಎಂದರೆ ‘ನನಗೆ’. ಕನ್ನಡದಲ್ಲಿ ನಾವು ‘ನಾನು ಸೆಕೆ’ ಎನ್ನುವುದಿಲ್ಲ, ‘ನನಗೆ ಸೆಕೆ’ ಎನ್ನುತ್ತೇವೆ. ಜರ್ಮನರೂ ಅಲ್ಲಿ ಚತುರ್ಥಿ ವಿಭಕ್ತಿಯನ್ನೇ ಬಳಸುತ್ತಾರೆ. ‘ನನಗೆ ಚಳಿ’ ಎಂಬುದು ‘ಮೀರ್ ಇಸ್ಟ್ ಕಾಲ್ಟ್’, ‘ನಿನಗೆ ಸೆಕೆಯೇ?’ ಎಂಬುದು ‘ಇಸ್ಟ್ ಡೀರ್ ಹೈಸ್?’. ನಾನು ಎಡವಿದ್ದು ಇಂಗ್ಲಿಷಿನ ಮೂಲಕ ಯೋಚಿಸಿದ್ದರಿಂದ. ಆದುದರಿಂದ ನಿಮ್ಮ ಪಟ್ಟಿಯಲ್ಲಿ ಇಂಗ್ಲಿಷ್ ಅರ್ಥಗಳಿದ್ದರೆ ಮೊದಲು ಅವನ್ನು ಅಳಿಸಿ, ಕನ್ನಡದ ಪೂರ್ಣ ವಾಕ್ಯಗಳನ್ನು ಬರೆದುಕೊಳ್ಳಿ.

ಗುಡುಗು ಮಿಂಚುಗಳಿಗೂ ಈ ದಾರಿ ಒದಗುತ್ತದೆ. ನಾವು ಕರ್ತೃವಿಲ್ಲದೆ ‘ಗುಡುಗುತ್ತಿದೆ’, ‘ಮಿಂಚುತ್ತಿದೆ’ ಎನ್ನುವಲ್ಲಿ ಅವರು ಹೆಸರಿಗೊಂದು ‘ಎಸ್’ ಇಟ್ಟು ‘ಎಸ್ ಡೊನರ್ಟ್’, ‘ಎಸ್ ಬ್ಲಿಟ್ಸ್ಟ್’ ಎನ್ನುತ್ತಾರೆ. ಮಳೆಯಲ್ಲಿ ಮಾತ್ರ ದಾರಿ ಕವಲೊಡೆಯುತ್ತದೆ: ನಮ್ಮಲ್ಲಿ ಮಳೆ ‘ಬರುತ್ತದೆ’, ಅವರಲ್ಲಿ ಅದಕ್ಕೆ ತನ್ನದೇ ಕ್ರಿಯಾಪದವಿದ್ದು ‘ಎಸ್ ರೇಗ್ನೆಟ್’ ಎಂದಾಗುತ್ತದೆ.

ಉತ್ತರ 2
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ತಿದ್ದುಪಡಿಯೊಂದಿಗೆ. ನಮ್ಮ ‘ಸೆಕೆ’ಯ ಬೆವರು, ಜಿಗುಟುಗಳೆಲ್ಲ ‘ಹೈಸ್’ ಎಂಬ ಪದದೊಳಗೆ ಹಿಡಿಸುವುದಿಲ್ಲ. ಮೋಡ ಕವಿದು, ಗಾಳಿಯಾಡದೆ, ಮಳೆಗೆ ಮುನ್ನ ಮೈಗಂಟುವ ಆ ಹವೆಗೆ ಅವರ ಪದ ‘ಶ್ವ್ಯೂಲ್’. ಕಿಟಕಿ ಮುಚ್ಚಿದ ಕೋಣೆಯ ಉಸಿರುಗಟ್ಟುವಿಕೆಗೆ ‘ಷ್ಟಿಕಿಶ್’ ಎಂಬ ಬೇರೆಯೇ ಪದವಿದೆ. ಒಣ ಬಿಸಿಲಿನ ಧಗೆಗೆ ‘ಹಿಟ್ಸೆ’ ಸಾಕು, ಸಲುಗೆಯ ಮಾತಿನಲ್ಲಿ ಅದು ‘ಆಫನ್‌ಹಿಟ್ಸೆ’ ಆಗುತ್ತದೆ. ಅಕ್ಷರಶಃ ಅದು ಮಂಗನ ಧಗೆ. ಮಂಗನಿಗೂ ಧಗೆಗೂ ಏನು ನಂಟೋ, ನನಗಂತೂ ಆ ಪದ ಒಂದೇ ಸಲಕ್ಕೆ ನೆನಪಿನಲ್ಲಿ ಉಳಿಯಿತು.

‘ಶ್ವ್ಯೂಲ್’ ಉಚ್ಚರಿಸುವಾಗ ಎಚ್ಚರವಿರಲಿ. ಸ್ವರದ ಮೇಲಿನ ಎರಡು ಚುಕ್ಕೆಗಳನ್ನು ಮರೆತು ‘ಶ್ವೂಲ್’ ಎಂದರೆ ಸಲಿಂಗಕಾಮಿ ಎಂದಾಗುತ್ತದೆ. ಆ ಸ್ವರ ಕನ್ನಡದಲ್ಲಿಲ್ಲ. ನಾಲಿಗೆಯನ್ನು ‘ಈ’ ಎನ್ನುವ ಸ್ಥಾನದಲ್ಲಿಯೇ ಇರಿಸಿಕೊಂಡು ತುಟಿಗಳನ್ನು ಮಾತ್ರ ‘ಊ’ ಎನ್ನುವಂತೆ ದುಂಡಗೆ ಮಾಡಿದರೆ ಅದು ಹೊರಡುತ್ತದೆ. ನನಗೆ ಇದು ಹಿಡಿತಕ್ಕೆ ಬರಲು ಎರಡು ವಾರ ಬೇಕಾಯಿತು.

ಉತ್ತರ 3
ಪಟ್ಟಿಗಿಂತ ಹವಾಮಾನ ವರದಿಯನ್ನು ನಂಬಿ. ಪ್ರತಿದಿನ ಅದೇ ಮೂವತ್ತು ನಲವತ್ತು ಪದಗಳು ಜಾಗ ಬದಲಿಸಿಕೊಂಡು ಬರುವುದರಿಂದ ಪುನರಾವರ್ತನೆಗೆ ಬೇರೆ ಶ್ರಮ ಬೇಡ. ಜರ್ಮನಿಯ ಹವಾಮಾನ ಇಲಾಖೆಯಾದ ‘ಡಾಯ್ಚರ್ ವೆಟರ್‌ಡೀನ್ಸ್ಟ್’ ಬಳಸುವ ಪದಗಳಿಗೆ ಖಚಿತವಾದ ಅಳತೆಗಳಿವೆ: ಗರಿಷ್ಠ ಉಷ್ಣತೆ 25 ಡಿಗ್ರಿ ಮುಟ್ಟಿದ ದಿನ ‘ಜೊಮರ್‌ಟಾಕ್’, 30 ಮುಟ್ಟಿದರೆ ‘ಹೈಸರ್ ಟಾಕ್’, ರಾತ್ರಿಯಿಡೀ 20ಕ್ಕಿಂತ ಕೆಳಗಿಳಿಯದಿದ್ದರೆ ‘ಟ್ರೋಪನ್‌ನಾಖ್ಟ್’, ಅಂದರೆ ಉಷ್ಣವಲಯದ ರಾತ್ರಿ. ನಮ್ಮ ಕಿವಿಗೆ 30 ಡಿಗ್ರಿ ದೊಡ್ಡದೆನಿಸದು; ಆದರೆ ಅಲ್ಲಿನ ದಾಖಲೆಯ ಉಷ್ಣತೆಯೇ 2019ರ ಜುಲೈ 25ರಂದು ಅಳೆದ 41.2 ಡಿಗ್ರಿ ಎಂಬುದನ್ನು ನೆನೆದರೆ, ಆ ಪದಗಳನ್ನು ಅವರು ಯಾವ ಧ್ವನಿಯಲ್ಲಿ ಹೇಳುತ್ತಾರೆಂಬುದು ತಿಳಿಯುತ್ತದೆ.

ವರದಿಯಲ್ಲಿ ನನಗೆ ಮೆಚ್ಚುಗೆಯಾದ ಪದ ‘ಹೈಟರ್’. ಅದಕ್ಕೆ ‘ಪ್ರಸನ್ನ’ ಎಂಬ ಅರ್ಥವೂ, ‘ಹೆಚ್ಚುಕಡಿಮೆ ಮೋಡವಿಲ್ಲದ’ ಎಂಬ ಅರ್ಥವೂ ಇದೆ. ಮನಸ್ಸಿಗೂ ಆಕಾಶಕ್ಕೂ ಸಲ್ಲುವ ನಮ್ಮ ‘ತಿಳಿ’ಯನ್ನು ಅದರ ಪಕ್ಕದಲ್ಲಿ ಬರೆದುಕೊಂಡ ಮೇಲೆ ಅದನ್ನು ಮರೆತಿಲ್ಲ. ‘ಶೌವರ್’ ಎಂದರೆ ಬಂದು ಹೋಗುವ ಮಳೆ, ‘ಗೆವಿಟರ್’ ಎಂದರೆ ಗುಡುಗುಮಳೆ, ‘ಉನ್‌ವೆಟರ್’ ಎಂದರೆ ಹಾನಿ ಮಾಡುವಂಥದ್ದು; ಈ ಮೂರರ ಅಂತರ ತಿಳಿದಿದ್ದರೆ ಎಚ್ಚರಿಕೆಯ ಸೂಚನೆಗಳು ಅರ್ಥವಾಗುತ್ತವೆ.

ಉತ್ತರ 4
ಒಂದೇ ಸಣ್ಣ ಸೇರ್ಪಡೆ. ಪಠ್ಯದಲ್ಲಿ ‘ಎಸ್ ಜಿಂಡ್ 30 ಗ್ರಾಟ್’ ಎಂದು ಕಲಿತವರು ದಕ್ಷಿಣ ಜರ್ಮನಿಯಲ್ಲಿ ಅಥವಾ ಆಸ್ಟ್ರಿಯಾದಲ್ಲಿ ‘ಎಸ್ ಹಾಟ್ 30 ಗ್ರಾಟ್’ ಎಂಬುದನ್ನು ಕೇಳಿ ಗಲಿಬಿಲಿಗೊಳ್ಳಬೇಕಾಗಿಲ್ಲ. ಅದು ಅಲ್ಲಿನ ರೂಢಿ.

ಕೋರಿಕೆ ಸಲ್ಲಿಸಿದವರಿಂದ
ಎಲ್ಲರಿಗೂ ಕೃತಜ್ಞತೆಗಳು. ಪಟ್ಟಿಯನ್ನು ಕನ್ನಡ ವಾಕ್ಯಗಳಾಗಿ ಬರೆಯತೊಡಗಿದ್ದೇನೆ. ಅಪರಿಚಿತರೊಡನೆ ಮಾತು ಆರಂಭಿಸಲು ಒಂದು ವಿಷಯವನ್ನೂ ಸೂಚಿಸುವಿರಾ?

ಉತ್ತರ 2 ಬರೆದವರಿಂದ
ಜೂನ್ 27ನ್ನು ಅವರು ‘ಜೀಬನ್‌ಶ್ಲೇಫರ್’ ದಿನ ಎನ್ನುತ್ತಾರೆ. ಅಂದಿನ ಹವೆಯೇ ಮುಂದಿನ ಏಳು ವಾರ ನಿಲ್ಲುತ್ತದೆಂಬುದು ಜನರ ನಂಬಿಕೆ. ನೀವು ಜುಲೈನಲ್ಲಿ ಇಳಿಯುವುದರಿಂದ, ಆ ದಿನ ಮಳೆ ಬಂದಿತ್ತೇ ಎಂದು ಕೇಳಿ ನೋಡಿ: ‘ಹಾಟ್ ಎಸ್ ಆಮ್ ಜೀಬನ್‌ಶ್ಲೇಫರ್ ಗೆರೇಗ್ನೆಟ್?’ ಉತ್ತರ ಉದ್ದವಾಗಿಯೇ ಬರುತ್ತದೆ, ಕಿವಿಗೊಟ್ಟು ಕೇಳಲು ಸಿದ್ಧರಾಗಿರಿ.