ಜೋರು ಮಳೆ ಬಂದ ದಿನ ಮಾತ್ರ ನನ್ನ ರೈನ್‌ಗೇಜ್ ಕಮ್ಮಿ ತೋರಿಸ್ತಿದೆ, ಯಾಕಿರಬಹುದು?

ತೋಟದಮನೆ_ಎಂಬೆಡೆಡ್:

ಎಲ್ಲರಿಗೂ ನಮಸ್ಕಾರ. ನಾನು ಎಂಬೆಡೆಡ್ ಎಂಜಿನಿಯರ್, ಕಂಪನಿ ಇರೋದು ಬೆಂಗಳೂರಲ್ಲಿ, ನಾನಿರೋದು ಸುಂಟಿಕೊಪ್ಪ ಹತ್ರ ನಮ್ಮ ತೋಟದ ಮನೇಲಿ. ತಿಂಗಳಿಗೊಮ್ಮೆ ಆಫೀಸಿಗೆ ಹೋಗಿ ಬಂದ್ರೆ ಸಾಕು. ಸಂಜೆ ಕಾಲ್ ಎಲ್ಲ ಮುಗಿದ ಮೇಲೆ ಸಾಲ್ಡರಿಂಗ್ ಐರನ್ ಹಿಡ್ಕೊಂಡು ಕೂತ್ರೆ ಊಟಕ್ಕೆ ಕರೆಯೋವರೆಗೂ ಏಳಲ್ಲ, ಅಷ್ಟು ಇಷ್ಟ ನಂಗದು.

ಈ ವರ್ಷ ತೋಟಕ್ಕೆ ಅಂತಲೇ ಮಳೆ ಅಳೆಯೋ ಸ್ಟೇಷನ್ ಮಾಡಿದೀನಿ. ಪ್ಲಾಸ್ಟಿಕ್ ಟಿಪ್ಪಿಂಗ್ ಬಕೆಟ್ (ನೀರು ತುಂಬಿದ ತಕ್ಷಣ ಒಂದು ಕಡೆಗೆ ವಾಲಿ ಖಾಲಿಯಾಗೋ ಪುಟ್ಟ ತೊಟ್ಟಿ), ಒಂದು ಸಲ ವಾಲಿದ್ರೆ 0.2794 ಮಿ.ಮೀ. ಮಳೆ, ವೈಫೈ ಇರೋ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್, ಒಂದು 18650 ರೀಚಾರ್ಜ್ ಬ್ಯಾಟರಿ ಸೆಲ್, ಸಣ್ಣ ಸೋಲಾರ್ ಪ್ಯಾನಲ್. ಮಳೆಗಾಲದಲ್ಲಿ ಇಲ್ಲಿ ಬಿಸಿಲು ಕಾಣೋದೇ ಅಪರೂಪ ಅಲ್ವಾ, ಅದಕ್ಕೆ ಬ್ಯಾಟರಿ ಉಳಿಸೋಕೆ ಬೋರ್ಡ್ ಯಾವಾಗ್ಲೂ ಡೀಪ್ ಸ್ಲೀಪ್‌ನಲ್ಲೇ (ಹೆಚ್ಚುಕಮ್ಮಿ ಎಲ್ಲ ಆಫ್ ಆಗಿ ಮಲಗಿರೋ ಸ್ಥಿತಿ) ಇರುತ್ತೆ, ಬಕೆಟ್ ವಾಲಿದ ತಕ್ಷಣ ಎದ್ದು ವೈಫೈಗೆ ಕನೆಕ್ಟ್ ಆಗಿ ಲೆಕ್ಕ ಕಳಿಸಿ ಮತ್ತೆ ಮಲಗುತ್ತೆ.

ಅಪ್ಪ ದಿನಾ ಬೆಳಿಗ್ಗೆ 7ಕ್ಕೆ ಕಣದ ಪಕ್ಕದ ಹಳೇ ರೈನ್‌ಗೇಜ್ ನೋಡಿ ಡೈರೀಲಿ ಬರೀತಾರೆ, ಅಜ್ಜನ ಕಾಲದಿಂದಲೂ ಇಂಚು, ಸೆಂಟ್ ಲೆಕ್ಕ. ಹಾಗಾಗಿ ನಾನೂ ಮಿ.ಮೀ.ನ ಸೆಂಟ್ ಮಾಡಿ ತೋರಿಸ್ತೀನಿ (1 ಸೆಂಟ್ ಅಂದ್ರೆ ಇಂಚಿನ ನೂರರಲ್ಲಿ ಒಂದು ಭಾಗ, 0.254 ಮಿ.ಮೀ.), ದಿನದ ಲೆಕ್ಕಾನೂ 7ಕ್ಕೇ ಮುಗಿಸ್ತೀನಿ. ಜಿಟಿಜಿಟಿ ಮಳೇಲಿ ಎರಡೂ ಹತ್ರ ಹತ್ರ ಒಂದೇ ಬರುತ್ತೆ. ಜೋರು ಬಂದ ದಿನ ಅಪ್ಪಂದು 3 ಇಂಚು 20 ಸೆಂಟ್ ಇದ್ರೆ ನಂದು 2 ಇಂಚು 60. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಎಷ್ಟು ಬಿತ್ತು ಅನ್ನೋದ್ರ ಮೇಲೆ ಸ್ಪ್ರಿಂಕ್ಲರ್ ಹಾಕ್ಬೇಕೋ ಬೇಡ್ವೋ ಅಂತ ಅಪ್ಪ ತೀರ್ಮಾನ ಮಾಡೋದು, ಅಷ್ಟರೊಳಗೆ ಅವರು ನಂಬೋ ಹಾಗೆ ಇದು ಆಗ್ಬೇಕು ಅನ್ನೋದು ನನ್ನಾಸೆ. ಯಾರಿಗಾದ್ರೂ ಗೊತ್ತಿದ್ರೆ ಹೇಳಿ.

ನಾಪೋಕ್ಲು_ಬೆಳೆಗಾರ:

ತುಂಬಾ ಒಳ್ಳೆ ಕೆಲಸ ಮಾಡ್ತಿದ್ದೀಯ ಮಗ. ಎಲೆಕ್ಟ್ರಾನಿಕ್ಸ್ ನಂಗೊತ್ತಿಲ್ಲ, ಮಳೆ ಲೆಕ್ಕ ಗೊತ್ತು. ಮೊದ್ಲು ಎಲ್ಲಿಟ್ಟಿದ್ದೀಯ ನೋಡು. ಮರ ಎಷ್ಟು ಎತ್ತರ ಇದ್ಯೋ ಅದರ ಎರಡರಷ್ಟಾದ್ರೂ ದೂರ ಇರ್ಬೇಕು, ಸಿಲ್ವರ್ ಓಕ್ ಬುಡದಲ್ಲೋ ಮಾಡಿನ ಅಂಚಲ್ಲೋ ಇಟ್ರೆ ಆಗಲ್ಲ. ಗಾಳಿಮಳೆ ಇದ್ದಾಗ ಎತ್ತರದ ಪೈಪ್ ಮೇಲೆ ಕೂರಿಸಿದ ಗೇಜಿಗೆ ನೀರು ಕಮ್ಮಿ ಬೀಳುತ್ತೆ, ಅದಕ್ಕೇ ಹವಾಮಾನ ಇಲಾಖೆಯೋರು ಬಾಯಿ ನೆಲದಿಂದ 30 ಸೆಂ.ಮೀ. ಎತ್ತರಕ್ಕೆ ಬರೋ ಹಾಗೆ ಇಡೋದು. ಅವರ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತೆ, ನೀವು 7 ಅಂದ್ರೆ 7, ಇಬ್ಬರದ್ದೂ ಒಂದೇ ಇದ್ರೆ ಸಾಕು.

ಆಮೇಲೆ ಇದನ್ನ ಮಧ್ಯದಲ್ಲಿ ಬಿಡ್ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದ್ದು ನೋಡಿದೀವಿ, 2020ರಲ್ಲಿ ತಲಕಾವೇರಿ ಹತ್ರ ಬ್ರಹ್ಮಗಿರಿ ಬೆಟ್ಟ. ನಮ್ಮಲ್ಲಿ ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆನೇ ಇಲ್ಲ, ಒಂದು ಗುಡ್ಡದ ಆಚೆ ಈಚೆಗೇ ಬೇರೆ ಬೇರೆ ಬೀಳುತ್ತೆ. ರಾತ್ರಿ ಎಷ್ಟು ಸುರೀತಾ ಇದೆ ಅಂತ ಬೆಳಗಾಗೋ ಮೊದ್ಲೇ ಗೊತ್ತಾಗೋದು ದೊಡ್ಡ ವಿಷಯ, ನಮ್ಮ ಡೈರಿಯಿಂದ ಅದು ಆಗಲ್ಲ.

ಕುಶಾಲನಗರ_ಸರ್ಕ್ಯೂಟ್:

ಅಂಕಲ್ ಹೇಳಿದ್ದು ಸರಿ, ಆದ್ರೆ ಜಾಗದ ತೊಂದರೆ ಆಗಿದ್ರೆ ಸಣ್ಣ ಮಳೇಲೂ ಸ್ವಲ್ಪ ವ್ಯತ್ಯಾಸ ಕಾಣ್ಬೇಕಿತ್ತು. ನಂಗೆ ಅನುಮಾನ ಇರೋದು ವೈಫೈ ಮೇಲೆ. ಬ್ರೋ, ಜೋರು ಮಳೆ ಬಂದ್ರೆ ನಿಮ್ಮಲ್ಲಿ ಕರೆಂಟ್ ಇರುತ್ತಾ? ಕರೆಂಟ್ ಹೋಗಿ ಇನ್ವರ್ಟರೂ ಖಾಲಿಯಾಗಿ ರೂಟರ್ ಆಫ್ ಆಗಿದ್ರೆ ಬೋರ್ಡ್ ಎದ್ದು ಸಿಗದೇ ಇರೋ ನೆಟ್‌ವರ್ಕನ್ನ ಹುಡುಕ್ತಾ ಇರುತ್ತೆ. ಕನೆಕ್ಟ್ ಆಗೋಕೆ ಎಷ್ಟು ಟೈಮ್ ಕೊಟ್ಟಿದ್ದೀರ, 30 ಸೆಕೆಂಡಾ? ಗಂಟೆಗೆ 2 ಇಂಚಿನ ಲೆಕ್ಕದಲ್ಲಿ ಸುರಿದ್ರೆ ಸುಮಾರು 20 ಸೆಕೆಂಡಿಗೆ ಒಂದು ಸಲ ಬಕೆಟ್ ವಾಲುತ್ತೆ, ಅಂದ್ರೆ ಬೋರ್ಡ್ ಹುಡುಕ್ತಾ ಇರೋವಾಗಲೇ ಮುಂದಿನ ಟಿಪ್ ಬಂದು ಹೋಗಿರುತ್ತೆ, ಅದನ್ನ ಎಣಿಸೋರು ಯಾರೂ ಇಲ್ಲ. ಜಿಟಿಜಿಟಿ ಮಳೇಲಿ ಟಿಪ್‌ಗಳ ನಡುವೆ ನಿಮಿಷಗಟ್ಟಲೆ ಬಿಡುವು ಸಿಗುತ್ತೆ, ಹಾಗಾಗಿ ಅಲ್ಲಿ ಗೊತ್ತಾಗಲ್ಲ.

ಎಣಿಸೋದು ಬೇರೆ, ಕಳಿಸೋದು ಬೇರೆ ಮಾಡಿ. ಇಎಸ್‌ಪಿ32ರಲ್ಲಿ ಯುಎಲ್‌ಪಿ ಅಂತ ಚಿಕ್ಕ ಪ್ರೊಸೆಸರ್ ಇದೆ, ಮೇನ್ ಸಿಪಿಯು ಮಲಗಿದ್ರೂ ಅದು ಬಕೆಟ್ ವಾಲಿದಾಗ ಬರೋ ಪಲ್ಸ್ ಎಣಿಸ್ತಾ ಇರುತ್ತೆ. 15 ನಿಮಿಷಕ್ಕೊಮ್ಮೆ ಎದ್ದು ಒಟ್ಟು ಸಂಖ್ಯೆ ಕಳಿಸಿ, ನೆಟ್ ಸಿಗ್ಲಿಲ್ವಾ, ಆರ್‌ಟಿಸಿ ಮೆಮೊರೀಲಿ (ಬೋರ್ಡ್ ಮಲಗಿದ್ರೂ ಅಳಿಸಿಹೋಗದ ಮೆಮೊರಿ) ಇಟ್ಕೊಂಡು ಮುಂದಿನ ಸಲ ಕಳಿಸಿ. ಬ್ಯಾಟರಿನೂ ಉಳಿಯುತ್ತೆ.

ಮಳೆಬಿಲ್ಲು_ವಿರಾಜಪೇಟೆ:

ನಾನು ಇನ್‌ಸ್ಟ್ರುಮೆಂಟೇಶನ್ ಓದಿದೋಳು, ಇನ್ನೊಂದು ಕಾರಣ ಸೇರಿಸ್ತೀನಿ. ಕೋಡ್ ಎಷ್ಟೇ ಸರಿಯಿದ್ರೂ ಟಿಪ್ಪಿಂಗ್ ಬಕೆಟ್ ಜೋರು ಮಳೇಲಿ ಸ್ವಲ್ಪ ಕಮ್ಮಿನೇ ತೋರಿಸೋದು, ಯಾಕಂದ್ರೆ ವಾಲೋಕೆ ಶುರುವಾದ ಮೇಲೂ ಒಂದು ಕ್ಷಣ ನೀರು ತುಂಬಿದ ಕಡೆಗೇ ಬೀಳ್ತಾ ಇರುತ್ತೆ, ಅದು ಲೆಕ್ಕಕ್ಕೆ ಸಿಗಲ್ಲ. ಎಷ್ಟು ಕಮ್ಮಿ ಅಂತ ಮನೇಲೇ ನೋಡ್ಬಹುದು. ನಿಮ್ಮ ಗೇಜಿನ ಬಾಯಿ 11 ಸೆಂ.ಮೀ. x 5 ಸೆಂ.ಮೀ. ಇದ್ರೆ 55 ಚದರ ಸೆಂ.ಮೀ. ಆಯ್ತು, ಅದಕ್ಕೆ 550 ಮಿ.ಲೀ. ನೀರು ಅಂದ್ರೆ 100 ಮಿ.ಮೀ. ಮಳೆ, 358 ಟಿಪ್ ಬರ್ಬೇಕು. ಬಾಟಲಿ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಮೂರ್ನಾಲ್ಕು ಗಂಟೆ ತೊಟ್ಟಿಕ್ಕೋ ಹಾಗೆ ಒಮ್ಮೆ ಬಿಡಿ, ಆಮೇಲೆ ಅಷ್ಟೇ ನೀರು ಒಂದು ಗಂಟೇಲಿ. ನಿಧಾನಕ್ಕೆ ಬಿಟ್ಟಾಗಲೇ 358 ಬರ್ಲಿಲ್ಲ ಅಂದ್ರೆ ಬಕೆಟ್ ಕೆಳಗಿನ ಸ್ಕ್ರೂ ತಿರುಗಿಸಿ ಸರಿ ಮಾಡಿ, ಸ್ಕ್ರೂ ಇಲ್ಲದ ಮಾಡೆಲ್ ಆದ್ರೆ ಕೋಡಲ್ಲಿ 0.2794 ಬದ್ಲು, 100ನ್ನ ನಿಮಗೆ ಬಂದ ಟಿಪ್‌ಗಳ ಸಂಖ್ಯೆಯಿಂದ ಭಾಗಿಸಿದಾಗ ಸಿಗೋ ಸಂಖ್ಯೆ ಹಾಕಿ. ಜೋರಾಗಿ ಬಿಟ್ಟಾಗ ಎಷ್ಟು ಕಮ್ಮಿ ಆಗುತ್ತೋ ಅದನ್ನ ಮಳೆಯ ವೇಗ ನೋಡಿ ಸೇರಿಸೋ ಹಾಗೆ ಕೋಡಲ್ಲೇ ಬರೀಬಹುದು.

ಫನಲ್ ಒಳಗೆ ಎಲೆ, ಜೇಡರ ಬಲೆ ವಾರಕ್ಕೊಮ್ಮೆ ನೋಡ್ತಾ ಇರಿ. ಮತ್ತೆ ಸುಮಾರು ಪಂಚಾಯ್ತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆ ಮಾಪಕ ಇದೆ, ಟ್ರೆಂಡ್ ಹೋಲಿಸೋಕೆ ಪರವಾಗಿಲ್ಲ, ಸಂಖ್ಯೆ ತಾಳೆ ಆಗುತ್ತೆ ಅಂತ ಕಾಯ್ಬೇಡಿ.

ತೋಟದಮನೆ_ಎಂಬೆಡೆಡ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲಾಗ್ ತೆಗೆದು ನೋಡ್ದೆ, ಸರ್ಕ್ಯೂಟ್ ಬ್ರೋ ಹೇಳಿದ ಹಾಗೇ ಇದೆ, ಕರೆಂಟ್ ಹೋದ ರಾತ್ರಿಗಳಲ್ಲೇ ದೊಡ್ಡ ವ್ಯತ್ಯಾಸ, ಕರೆಂಟ್ ಇದ್ದು ಜೋರು ಮಳೆ ಬಂದ ದಿನ ಸ್ವಲ್ಪವೇ ಕಮ್ಮಿ. ಅಂದ್ರೆ ಎರಡು ಕಾರಣಾನೂ ಇವೆ. ಯುಎಲ್‌ಪಿ ಕೋಡ್ ನಿನ್ನೆ ರಾತ್ರಿಯಿಂದ ಬರೀತಾ ಇದೀನಿ. ಭಾನುವಾರ ನೀರು ಬಿಟ್ಟು ನೋಡೋಣ ಅಂದ್ರೆ ಅಪ್ಪ, ತಮ್ಮ ಗೇಜಿಗೂ ಅಳೆದು ಹಾಕೋಣ, ಅದೂ ಸರಿಯಿದ್ಯಾ ಗೊತ್ತಾಗ್ಲಿ ಅಂತಿದಾರೆ. ಅಂಕಲ್, ಗೇಜ್ ಈಗ ಕಣದ ಮಧ್ಯ ಇದೆ, ಆದ್ರೆ ಪೈಪ್ ಎತ್ತರ ಜಾಸ್ತಿನೇ, ಇಳಿಸ್ತೀನಿ.

ಮಳೆಬಿಲ್ಲು_ವಿರಾಜಪೇಟೆ:

ಅಪ್ಪನ ಗೇಜಿನ ದುಂಡಗಿನ ಬಾಯಿ 5 ಇಂಚು ಅಗಲ ಇದ್ರೆ 1 ಇಂಚು ಮಳೆಗೆ ಸುಮಾರು 322 ಮಿ.ಲೀ. ನೀರು. ಎರಡರ ರಿಸಲ್ಟೂ ಇಲ್ಲೇ ಹಾಕಿ, ನಮ್ಮನೇಲೂ ಒಂದು ಹಳೇದಿದೆ, ನೋಡ್ಬೇಕು.